ಪಂಚಾಯತಿನ ಪಾಲಿಯೇಟಿವ್ ಸೇವೆ ಹೇಗುಂಟು? ಅನುಭವ ಇದ್ದವರು ಹೇಳಿ

ತೋಟದಮನೆ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಮ್ಮನಿಗೆ ಕ್ಯಾನ್ಸರ್. ಮಂಗಳೂರಿನಲ್ಲಿ ಕೀಮೋ, ರೇಡಿಯೇಶನ್ ಎಲ್ಲ ಆಯಿತು. ಈಗ ಲಿವರಿಗೂ ಬೆನ್ನಿನ ಮೂಳೆಗೂ ಹರಡಿದೆ. ಇನ್ನು ಚಿಕಿತ್ಸೆ ಅಂತ ಓಡಾಡಿಸಿ ಸುಸ್ತು ಮಾಡುವುದು ಬೇಡ, ಮನೆಗೆ ಕರ್ಕೊಂಡು ಹೋಗಿ ಅಂತ ಡಾಕ್ಟರ್ ನೇರವಾಗಿ ಹೇಳಿದರು. ನೀವು ಕಾಸರಗೋಡಿನವರು ಅಲ್ವಾ, ಕೇರಳದಲ್ಲಿ ಪಾಲಿಯೇಟಿವ್, ಅಂದರೆ ಗುಣವಾಗದ ರೋಗಿಯ ನೋವು ಇಳಿಸಿ ನೋಡಿಕೊಳ್ಳುವ ಸೇವೆ, ಒಳ್ಳೆದುಂಟು, ಅವರನ್ನು ಕೇಳಿ ಅಂತಲೂ ಹೇಳಿದರು.

ಮನೆ ಕುಂಬಳೆಯಿಂದ ಸ್ವಲ್ಪ ಒಳಗೆ. ದೊಡ್ಡಪ್ಪನಿಗೂ ವಯಸ್ಸಾಯಿತು, ಮಕ್ಕಳಿಬ್ಬರೂ ಹೊರಗೆ. ದೊಡ್ಡಮ್ಮನಿಗೆ ತುಳು, ಕನ್ನಡ ಬಿಟ್ಟು ಬೇರೆ ಬರುವುದಿಲ್ಲ.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಪಂಚಾಯತಿನ ಪಾಲಿಯೇಟಿವ್ ನವರು ಮನೆಗೆ ಬಂದು ಎಂತ ಮಾಡುತ್ತಾರೆ? ಡಾಕ್ಟರ್ ಬರುತ್ತಾರಾ, ಸಿಸ್ಟರ್ ಮಾತ್ರವಾ? ರಾತ್ರಿ ನೋವು ಜಾಸ್ತಿಯಾದರೆ ಯಾರನ್ನು ಕರೆಯುವುದು? ಟ್ರಸ್ಟಿನವರು ನಡೆಸುವ ಒಂದು ಘಟಕವೂ ಹತ್ತಿರದಲ್ಲಿ ಉಂಟು, ಅದು ಒಳ್ಳೆದಾ ಇದು ಒಳ್ಳೆದಾ? ಹೆಸರು ಹಾಕಿ ಬೈಯುವುದು ಬೇಡ, ಹೇಗೆ ಅಂತ ಹೇಳಿದರೆ ಸಾಕು.

ಬಸ್ಸಿನ ಹಿಂದಿನ ಸೀಟು

ಮೊದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ. ಇಲ್ಲದಿದ್ದರೆ ವಾರ್ಡ್ ಮೆಂಬರಿಗೆ. ಅವರು ಆರೋಗ್ಯ ಕೇಂದ್ರದ ಪಾಲಿಯೇಟಿವ್ ಸಿಸ್ಟರಿಗೆ ತಿಳಿಸುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಆಧಾರ್, ರೇಷನ್ ಕಾರ್ಡ್ ಇದರ ಝೆರಾಕ್ಸ್ ತೆಗೆದಿಟ್ಟುಕೊಳ್ಳಿ. ಒಮ್ಮೆ ಹೆಸರು ಸೇರಿದರೆ ಅವರೇ ಮನೆಗೆ ಬರುತ್ತಾರೆ, ದುಡ್ಡು ಇಲ್ಲ.

ನಮ್ಮ ಅಜ್ಜನಿಗೆ ಲಕ್ವ ಹೊಡೆದು ಮಲಗಿದಲ್ಲೇ ಇದ್ದರು. ಸಿಸ್ಟರ್ ಬಂದು ಮೂತ್ರದ ನಳಿಗೆ (ಕ್ಯಾತಿಟರ್) ಬದಲಿಸುತ್ತಿದ್ದರು, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದರು, ಅಜ್ಜನನ್ನು ಹೇಗೆ ಮಗ್ಗುಲಿಗೆ ಹೊರಳಿಸುವುದು ಅಂತ ನನ್ನ ಹೆಂಡತಿಗೆ ಕಲಿಸಿದ್ದೂ ಅವರೇ. ವಾಟರ್ ಬೆಡ್ ಕೂಡ ಅವರೇ ತಂದುಕೊಟ್ಟರು. ನಾನಂತೂ ಅವರ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ.

ಕೆಂಪು ಬಾಗಿಲು

ನಿಮ್ಮ ಅಜ್ಜನಿಗೆ ನೋವು ಇರಲಿಲ್ಲ, ಅದಕ್ಕೆ ಒಳ್ಳೆದು ಅನಿಸಿತು. ನಮ್ಮ ಕಥೆ ಕೇಳಿ.

ಯಾವ ಪಂಚಾಯತ್ ಅಂತ ಹೇಳುವುದಿಲ್ಲ. ಅಪ್ಪನಿಗೆ ಬಾಯಿ ಕ್ಯಾನ್ಸರ್. ಪಾಲಿಯೇಟಿವ್ ನಲ್ಲಿ ಹೆಸರು ಬರೆಸಿದೆವು. ತಿಂಗಳಿಗೊಮ್ಮೆ ಜೀಪು ಬರುತ್ತಿತ್ತು. ಬಂದವರು ಬಿಪಿ ನೋಡುವುದು, ಶುಗರ್ ನೋಡುವುದು, ದೊಡ್ಡ ಪುಸ್ತಕದಲ್ಲಿ ಬರೆಯುವುದು, ನಮ್ಮ ಸಹಿ ತೆಗೆದುಕೊಳ್ಳುವುದು, ಒಂದಿಷ್ಟು ವಿಟಮಿನ್ ಮಾತ್ರೆ ಕೊಡುವುದು, ಹೋಗುವುದು. ಮುಂಗೈ ಹಿಡಿದು "ಧೈರ್ಯ ಬೇಕು ಅಜ್ಜ" ಅನ್ನುತ್ತಿದ್ದರು. ಅಪ್ಪನಿಗೆ ಬೇಕಾಗಿದ್ದದ್ದು ಧೈರ್ಯ ಅಲ್ಲ ಮಾರಾಯ್ರೆ, ನೋವಿನ ಮದ್ದು.

ಒಂದು ಶನಿವಾರ ರಾತ್ರಿ ಕೆನ್ನೆಯೆಲ್ಲ ಊದಿ, ಗೋಡೆಗೆ ತಲೆ ಬಡಿದುಕೊಳ್ಳುವಷ್ಟು ನೋವು. ಸಿಸ್ಟರ್ ಫೋನ್ ಸ್ವಿಚ್ಡ್ ಆಫ್. ಆರೋಗ್ಯ ಕೇಂದ್ರಕ್ಕೆ ಬೀಗ. ಟ್ರಸ್ಟಿನವರಿಗೆ ಮಾಡಿದರೆ ಸೋಮವಾರ ಬನ್ನಿ ಅಂದರು. ಕೊನೆಗೆ ಕಾರು ಮಾಡಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದೆವು. ಅಲ್ಲಿ ಕ್ಯಾಶುವಲ್ಟಿಯಿಂದ ಸೀದಾ ಐಸಿಯುಗೆ ಹಾಕಿದರು. ಮನೆಯಲ್ಲೇ ಇರಬೇಕು ಅಂತ ಕೇಳಿಕೊಂಡಿದ್ದ ಮನುಷ್ಯ. ಗಾಜಿನ ಆಚೆಯಿಂದ ನೋಡಿ ಬಂದೆವು, ಅಷ್ಟೇ.

ಪೋಸ್ಟರಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಕೇಳಬೇಕಾದದ್ದು ರಾತ್ರಿ ಹೇಗೆ ಅಂತ.

ಮಾಷ್ಟ್ರು (ನಿವೃತ್ತ)

ಕೆಂಪು ಬಾಗಿಲು ಅವರೇ, ಓದಿ ಬೇಜಾರಾಯಿತು. ನಾನು ಕೆಲವು ವರ್ಷ ಪಾಲಿಯೇಟಿವ್ ತಂಡದ ಜೊತೆ ಸ್ವಯಂಸೇವಕನಾಗಿ ಹೋಗಿದ್ದವ. ಇದು ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ತಪ್ಪುತ್ತದೆ ಅಂತಲೂ ಗೊತ್ತಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಇವರೆಲ್ಲ ಸೇರಿ ಒಂದು ಸಣ್ಣ ನೋವಿನ ಕ್ಲಿನಿಕ್ ಶುರು ಮಾಡಿದರು. ಆಮೇಲೆ ಮಲಪ್ಪುರದ ಕಡೆ ಊರವರೇ ಸೇರಿ, ಮೀನು ಮಾರುವವರು, ಟೀಚರುಗಳು, ಕಾಲೇಜು ಹುಡುಗರು ತರಬೇತಿ ಪಡೆದು ಮನೆಮನೆಗೆ ಹೋಗುವ ಪದ್ಧತಿ ಬಂತು. 2008ರಲ್ಲಿ ಸರಕಾರ ಪಾಲಿಯೇಟಿವ್ ನೀತಿ ಮಾಡಿತು, ದೇಶದಲ್ಲೇ ಮೊದಲು. ಪಂಚಾಯತಿಗೊಬ್ಬ ಸಿಸ್ಟರ್ ಬಂದದ್ದು ಅದರ ಫಲ.

ಈಗ ಮುಖ್ಯ ವಿಷಯ. ಇದರಲ್ಲಿ ಮೂರು ಹಂತ ಉಂಟು. ಪಂಚಾಯತ್ ಮಟ್ಟದ ಸಿಸ್ಟರ್ ಮೊದಲನೆಯದು. ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ. ಅದರ ಮೇಲೆ ಜಿಲ್ಲಾ ಮಟ್ಟದ್ದು. ಮಾರ್ಫಿನ್, ಅಂದರೆ ಜೋರು ನೋವಿನ ಮದ್ದು, ಬರೆಯುವುದು ಸಿಸ್ಟರ್ ಕೈಯಲ್ಲಿ ಇಲ್ಲ. ಅದು ಮೇಲಿನ ಹಂತದಲ್ಲಿ, ತರಬೇತಿ ಆದ ಡಾಕ್ಟರ್ ಕೈಯಲ್ಲಿ. ಅಪ್ಪನನ್ನು ಮೇಲಕ್ಕೆ ರೆಫರ್ ಮಾಡಿದ್ದರಾ? ನೋವು ಇಷ್ಟು ಅಂತ ಯಾರಾದರೂ ಬರೆದಿದ್ದರಾ?

ಕೆಂಪು ಬಾಗಿಲು

ಇಲ್ಲ ಮಾಷ್ಟ್ರೆ. ಮೂರು ಹಂತ ಉಂಟು ಅಂತ ಈಗ ನೀವು ಹೇಳಿ ಗೊತ್ತಾಗುವುದು. ಅದೇ ನನ್ನ ಸಿಟ್ಟು. ಮನೆಗೆ ಬಂದವರಿಗೆ ಗೊತ್ತಿತ್ತಲ್ವಾ?

ಮಾಷ್ಟ್ರು (ನಿವೃತ್ತ)

ಗೊತ್ತಿರಲೇಬೇಕಿತ್ತು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಹಲಸಿನ ಹಪ್ಪಳ

ಟ್ರಸ್ಟಿನ ಘಟಕಗಳ ಬಗ್ಗೆ ನಾನು ಒಂದು ಹೇಳಲಾ? ಎಲ್ಲವೂ ಹಾಗೆ ಅಂತ ಅಲ್ಲ, ಆದರೆ ಜನವರಿ 15 ಪಾಲಿಯೇಟಿವ್ ದಿನ ಬಂತು ಅಂದರೆ ಸಾಕು, ನಾಲ್ಕು ಜನ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದು, ಮಲಗಿದ ಅಜ್ಜಿಯ ಮಂಚದ ಹಿಂದೆ ಸಾಲಾಗಿ ನಿಂತು, ಮುಸುಂಬಿಯ ಪ್ಲಾಸ್ಟಿಕ್ ಚೀಲ ಅಜ್ಜಿಯ ಹೊಟ್ಟೆಯ ಮೇಲೆ ಇಟ್ಟು ಫೋಟೋ. ಸಂಜೆಗೆ ಎಲ್ಲರ ಸ್ಟೇಟಸ್ಸಿನಲ್ಲಿ ಅಜ್ಜಿ. ಅಜ್ಜಿಗೆ ಅವತ್ತು ತಲೆ ಬಾಚಿ ಕೂಡ ಆಗಿರಲಿಲ್ಲ. ಮುಸುಂಬಿ ತಿನ್ನುವುದಕ್ಕೆ ಬಾಯಿಯಲ್ಲಿ ಹುಣ್ಣು.

ದಾನಿಗಳ ಹೆಸರು ಬರೆದ ಆಂಬುಲೆನ್ಸ್ ಉಂಟು, ಓಡಿಸುವ ಡ್ರೈವರ್ ರಾತ್ರಿ ಇಲ್ಲ. ಅಂಗಡಿ ಅಂಗಡಿಯಲ್ಲಿ ಡಬ್ಬಿ ಉಂಟು, ವರ್ಷದ ಲೆಕ್ಕ ಎಲ್ಲಿ ಅಂತ ಕೇಳಿದರೆ ಮುಖ ಊದಿಸುತ್ತಾರೆ.

ಬಸ್ಸಿನ ಹಿಂದಿನ ಸೀಟು

ಹಪ್ಪಳದವರೇ, ಡಬ್ಬಿಗೆ ಹಾಕಿದ ಹತ್ತು ರೂಪಾಯಿಯಿಂದಲೇ ಎಷ್ಟೋ ಮನೆಗೆ ಡೈಪರ್ ಹೋಗುತ್ತದೆ, ಅದನ್ನೂ ಹೇಳಿ. ಫೋಟೋ ವಿಷಯ ಮಾತ್ರ ನೂರಕ್ಕೆ ನೂರು ಸರಿ. ಬೇಡ ಅಂತ ಹೇಳುವ ಹಕ್ಕು ಮನೆಯವರಿಗೆ ಉಂಟು, ಆದರೆ ಸಹಾಯ ತೆಗೆದುಕೊಳ್ಳುವಾಗ ಯಾರಿಗೆ ಬಾಯಿ ಬರುತ್ತದೆ?

ಬೆಂಗಳೂರಲ್ಲಿರುವವ

ತೋಟದಮನೆ ಅವರೇ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಬೆಂಗಳೂರಿಗೆ ಕರ್ಕೊಂಡು ಬನ್ನಿ. ಇಲ್ಲಿ ಕರುಣಾಶ್ರಯ ಅಂತ ಹಾಸ್ಪೈಸ್ ಉಂಟು, ಬೆಂಗಳೂರು ಹಾಸ್ಪೈಸ್ ಟ್ರಸ್ಟಿನದ್ದು. ಕ್ಯಾನ್ಸರ್ ಕೊನೆ ಹಂತದವರನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ನನ್ನ ಸಹೋದ್ಯೋಗಿಯ ತಾಯಿ ಅಲ್ಲಿದ್ದರು. ಹಗಲು ರಾತ್ರಿ ನರ್ಸ್ ಇರುತ್ತಾರೆ, ನಮ್ಮ ಊರಿನ ಹಾಗೆ ತಿಂಗಳಿಗೊಮ್ಮೆ ಅಲ್ಲ.

ತೋಟದಮನೆ

ಥ್ಯಾಂಕ್ಸ್. ಅಣ್ಣನೂ ಅದನ್ನೇ ಹೇಳಿದ. ಆದರೆ ದೊಡ್ಡಮ್ಮ ಕೂತುಕೊಳ್ಳುವ ಸ್ಥಿತಿಯಲ್ಲಿ ಇಲ್ಲ, ಬೆನ್ನಿನ ಮೂಳೆ ಹಾಗಿರುವಾಗ ಘಾಟಿ ಹತ್ತಿಸಿ ಕರ್ಕೊಂಡು ಹೋಗುವುದು ಹೇಗೆ? ಅವರಿಗೆ ತನ್ನ ಕೋಣೆ, ಕಿಟಕಿಯಿಂದ ಕಾಣುವ ಅಂಗಳ, ಅಡಿಕೆ ಸುಲಿಯುವವರ ಮಾತು, ಇಷ್ಟು ಬೇಕು. ದೊಡ್ಡಪ್ಪನನ್ನು ಬಿಟ್ಟು ಬರುವುದಿಲ್ಲ ಅಂತ ಖಡಾಖಂಡಿತ ಹೇಳಿದ್ದಾರೆ.

ಮನೆಭೇಟಿ ಸಿಸ್ಟರ್

ಬರೆಯುವುದಾ ಬೇಡವಾ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ. ನಾನು ಇದೇ ಜಿಲ್ಲೆಯ ಒಂದು ಪಂಚಾಯತಿನ ಪಾಲಿಯೇಟಿವ್ ನರ್ಸ್. ಕೆಂಪು ಬಾಗಿಲು ಅವರ ಮನೆಯದ್ದು ನಮ್ಮ ಪಂಚಾಯತ್ ಅಲ್ಲ ಅಂದುಕೊಂಡಿದ್ದೇನೆ, ಆಗಿದ್ದರೂ ಬರೆಯುವುದು ಇದನ್ನೇ.

ನಮ್ಮ ದಿನ ಹೇಗೆ ಅಂದರೆ, ಗಾಡಿ ಬಾಡಿಗೆಯದ್ದು, ವಾರದಲ್ಲಿ ಕೆಲವು ದಿನ ಮಾತ್ರ ಸಿಗುತ್ತದೆ. ಆ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಬಟ್ಟೆ, ಕ್ಯಾತಿಟರ್, ಗ್ಲೌಸ್ ತುಂಬಿಸಿಕೊಂಡು ಆಶಾ ಜೊತೆ ಹೊರಡುವುದು. ಎಷ್ಟೋ ಮನೆಗೆ ಗಾಡಿ ಹೋಗುವುದಿಲ್ಲ, ಗುಡ್ಡೆ ಇಳಿದು ತೋಡು ದಾಟಿ ಹೋಗಬೇಕು, ಮಳೆಗಾಲದಲ್ಲಿ ಕೇಳುವುದೇ ಬೇಡ. ಪ್ರತಿ ಮನೆಯದ್ದು ರಿಜಿಸ್ಟರ್ ತುಂಬಿಸಬೇಕು. ಮೇಲಿನವರು ಕೇಳುವುದು ಎಷ್ಟು ಮನೆ ಆಯಿತು ಅಂತ, ಯಾರ ನೋವು ಎಷ್ಟು ಕಡಿಮೆ ಆಯಿತು ಅಂತ ಅಲ್ಲ. ಅದಕ್ಕೆ ಕೆಲವರು ಬಿಪಿ ನೋಡಿ ಸಹಿ ತೆಗೆದುಕೊಂಡು ಓಡುತ್ತಾರೆ. ನಾನು ಅವರನ್ನು ಸಮರ್ಥಿಸುತ್ತಾ ಇಲ್ಲ. ನೋವು ಎಷ್ಟು ಅಂತ ಕೇಳದೆ ಕ್ಯಾನ್ಸರ್ ರೋಗಿಯ ಮನೆಯಿಂದ ಹೊರಗೆ ಬಂದರೆ ಅದು ಭೇಟಿಯೇ ಅಲ್ಲ.

ತೋಟದಮನೆ ಅವರೇ, ಮೊದಲ ಭೇಟಿಯಲ್ಲೇ ಇದನ್ನು ಕೇಳಿಕೊಳ್ಳಿ: ಮಾರ್ಫಿನ್ ಬೇಕಾದರೆ ಯಾವ ಆಸ್ಪತ್ರೆಯಿಂದ, ಯಾವ ದಿನ, ರೋಗಿ ಬರಬೇಕಾ ಮನೆಯವರು ಬಂದರೆ ಸಾಕಾ? ಮಾತ್ರೆ ಎಷ್ಟು ದಿನಕ್ಕೆ ಕೊಡುತ್ತಾರೆ? ರಾತ್ರಿ, ಆದಿತ್ಯವಾರ ನೋವು ಏರಿದರೆ ಎಷ್ಟು ಹೆಚ್ಚು ಕೊಡಬಹುದು ಅಂತ ಡಾಕ್ಟರ್ ಕೈಯಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಈ ಒಂದು ಚೀಟಿ ಮನೆಯಲ್ಲಿದ್ದರೆ ನಡುರಾತ್ರಿ ಓಡುವುದು ಎಷ್ಟೋ ತಪ್ಪುತ್ತದೆ. ಫೋನ್ ಎತ್ತುವವರು ಇಲ್ಲದಿದ್ದರೂ ಚೀಟಿ ಇರುತ್ತದಲ್ಲ.

ಮಾರ್ಫಿನ್ ಸಿಗುವುದು ಯಾಕೆ ಇಷ್ಟು ಕಷ್ಟ ಅಂದರೆ ಕಾನೂನು. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯಿದೆ ಬಂದ ಮೇಲೆ ಹಲವು ಲೈಸೆನ್ಸ್ ಬೇಕಾಗಿತ್ತು, ಆಸ್ಪತ್ರೆಗಳು ಸುಮ್ನೆ ತಲೆನೋವು ಬೇಡ ಅಂತ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಆಗಿ ಸುಲಭ ಮಾಡಿದರು. ಈಗ ಮಾನ್ಯತೆ ಪಡೆದ ಸಂಸ್ಥೆ, ತರಬೇತಿ ಆದ ಡಾಕ್ಟರ್ ಇದ್ದರೆ ಕೊಡಬಹುದು. ಹಾಗಂತ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ.

ಮತ್ತೆ ಬೆನ್ನಿನ ಮೂಳೆಗೆ ಹರಡಿದೆ ಅಂದಿರಿ. ಇದನ್ನು ದಯವಿಟ್ಟು ನೆನಪಿಡಿ. ಕಾಲು ಇದ್ದಕ್ಕಿದ್ದ ಹಾಗೆ ಬಲ ಕಳೆದುಕೊಂಡರೆ, ಮರಗಟ್ಟಿದ ಹಾಗೆ ಆದರೆ, ಮೂತ್ರ ನಿಂತುಬಿಟ್ಟರೆ ನಮ್ಮ ಭೇಟಿಗೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತಿಳಿಸಿ. ಬೆನ್ನುಹುರಿ ಒತ್ತಿದರೆ ಹಾಗಾಗುತ್ತದೆ, ತಡ ಮಾಡಿದರೆ ಕಾಲು ವಾಪಸ್ ಬರುವುದಿಲ್ಲ. ಮೂಳೆ ನೋವಿಗೆ ಒಂದೇ ಸಲಕ್ಕೆ ಮುಗಿಯುವ ರೇಡಿಯೇಶನ್ ಕೂಡ ಉಂಟು. ಅದು ಗುಣ ಮಾಡುವುದಕ್ಕೆ ಅಲ್ಲ, ನೋವು ಇಳಿಸುವುದಕ್ಕೆ. ಮಂಗಳೂರಿನ ಡಾಕ್ಟರನ್ನು ಅದರ ಬಗ್ಗೆ ಒಮ್ಮೆ ಕೇಳಿ ನೋಡಿ.

ತೋಟದಮನೆ

ಸಿಸ್ಟರ್, ನೀವು ಬರೆದದ್ದನ್ನು ಪೂರ್ತಿ ಅಣ್ಣನಿಗೆ ಕಳಿಸಿದೆ. ಒಂದು ಸಂಶಯ. ಮಾರ್ಫಿನ್ ಶುರು ಮಾಡಿದರೆ ಬೇಗ ಹೋಗಿಬಿಡುತ್ತಾರೆ, ಅದು ಕೊನೆಗೆ ಕೊಡುವ ಮದ್ದು ಅಂತ ದೊಡ್ಡಪ್ಪ ಹೆದರಿ ಕೂತಿದ್ದಾರೆ. ಚಟ ಹಿಡಿಯುತ್ತದೆ ಅಂತ ಇನ್ನೊಬ್ಬರು.

ಮನೆಭೇಟಿ ಸಿಸ್ಟರ್

ಈ ಮಾತು ನಾನು ಕೇಳದ ಮನೆ ಇಲ್ಲ. ಡಾಕ್ಟರ್ ಹೇಳಿದ ಅಳತೆಯಲ್ಲಿ, ನೋವು ಇದ್ದಷ್ಟು ಕೊಟ್ಟರೆ ಅದರಿಂದ ಸಾವು ಬೇಗ ಬರುವುದಿಲ್ಲ. ನೋವಿಲ್ಲದೆ ನಿದ್ದೆ ಮಾಡಿ ಎರಡು ತುತ್ತು ಜಾಸ್ತಿ ತಿಂದವರನ್ನು ನೋಡಿದ್ದೇನೆ. ಕ್ಯಾನ್ಸರ್ ನೋವಿಗೆ ಹೀಗೆ ಕೊಡುವಾಗ ಚಟದ ಭಯವೂ ಬೇಡ. ಆದರೆ ಕೊಡುತ್ತಾ ಇದ್ದದ್ದನ್ನು ಒಮ್ಮೆಗೇ ನಿಲ್ಲಿಸಬೇಡಿ.

ಮಾತ್ರೆ ಗಡಿಯಾರ ನೋಡಿ ಕೊಡಬೇಕು, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ನೋವು ಬಂದ ಮೇಲೆ ಕೊಡುವಾ ಅಂತ ಕಾದರೆ ಇಳಿಸುವುದಕ್ಕೆ ಕಷ್ಟ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ, ಅದು ತಾನಾಗಿ ಹೋಗುವುದೂ ಇಲ್ಲ. ಅದಕ್ಕೆ ಹೊಟ್ಟೆ ಸಡಿಲ ಮಾಡುವ ಮಾತ್ರೆ ಮೊದಲ ದಿನದಿಂದಲೇ ಬೇಕು. ಚೀಟಿಯಲ್ಲಿ ಅದು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮಾರ್ಫಿನ್ ಬೇಡ ಅಂತ ಬಿಟ್ಟವರಲ್ಲಿ ಅರ್ಧ ಜನ ಬಿಟ್ಟದ್ದು ಇದೇ ಹೊಟ್ಟೆ ಕಷ್ಟಕ್ಕೆ.

ಗುಡ್ಡೆಮನೆ

ಇಲ್ಲಿ ಎಲ್ಲರೂ ಕೊನೆ ತಿಂಗಳುಗಳ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮಂಥ ಮನೆಗಳ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ.

ನನ್ನ ತಮ್ಮ ಹುಟ್ಟಿದ್ದು ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ. ಅದು ನಿಂತದ್ದು 2000ದಲ್ಲಿ. ಅವನು ಇವತ್ತಿಗೂ ಮಲಗಿದಲ್ಲೇ. ಮಾತಿಲ್ಲ. ಊಟ ತಿನ್ನಿಸಬೇಕು, ಸ್ನಾನ ಮಾಡಿಸಬೇಕು, ಫಿಟ್ಸ್ ಬಂದರೆ ಹಿಡಿದು ಕೂರಬೇಕು. ಅವನು ಈಗ ಗಡ್ಡ ಬಂದ ಗಂಡಸು, ಅಮ್ಮನಿಗೆ ಅವನನ್ನು ಎತ್ತುವುದಕ್ಕೆ ಆಗುವುದಿಲ್ಲ. ಬಟ್ಟೆಯ ಒಂದು ತುದಿ ಅಮ್ಮ, ಇನ್ನೊಂದು ತುದಿ ನಾನು ಹಿಡಿದು ಎಳೆದು ಹೊರಳಿಸುವುದು. ನಾನು ಕೆಲಸಕ್ಕೆ ಹೋದ ದಿನ ಅವನು ಸಂಜೆಯವರೆಗೆ ಒಂದೇ ಮಗ್ಗುಲಿನಲ್ಲಿ.

ಸುಪ್ರೀಂ ಕೋರ್ಟ್ 2017ರಲ್ಲಿ ಎಂಡೋಸಲ್ಫಾನ್ ಪೀಡಿತರಿಗೆ 5 ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿತು. ಅದು ಸಿಗುವುದಕ್ಕೂ ಜನ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಮಲಗಿದವರನ್ನು ನೋಡಿಕೊಳ್ಳುವವರಿಗೆ ಅಂತ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ ಕೆಲವು ನೂರು ರೂಪಾಯಿ. ಅದೂ ಸರಿಯಾಗಿ ಬರುವುದಿಲ್ಲ. ಅಷ್ಟು ರೂಪಾಯಿಗೆ ದೊಡ್ಡವರ ಡೈಪರ್ ಎಷ್ಟು ಬರುತ್ತದೆ ನೀವೇ ಲೆಕ್ಕ ಹಾಕಿ.

ನಮಗೆ ಸಿಸ್ಟರ್ ಮೇಲೆ ದೂರು ಇಲ್ಲ. ಒಳ್ಳೆ ಹುಡುಗಿ, ತಮ್ಮ ಅವಳ ಧ್ವನಿ ಕೇಳಿದರೆ ನಗುತ್ತಾನೆ. ನಮಗೆ ಬೇಕಾದದ್ದು ಬೇರೆ. ಅವನನ್ನು ಒಂದು ವಾರ ಎಲ್ಲಾದರೂ ಇಟ್ಟುಕೊಂಡು ನೋಡಿಕೊಳ್ಳುವ ಒಂದು ಜಾಗ. ಅಮ್ಮನಿಗೆ ಕಣ್ಣಿನ ಆಪರೇಶನ್ ಆಗಬೇಕು, ಎಷ್ಟು ಕಾಲದಿಂದ ಮುಂದೆ ಹಾಕುತ್ತಾ ಬಂದಿದ್ದೇವೆ. ಯಾರ ಕೈಯಲ್ಲಿ ಬಿಟ್ಟು ಹೋಗುವುದು?

ಮಾಷ್ಟ್ರು (ನಿವೃತ್ತ)

ಇದಕ್ಕೆ ಏನು ಉತ್ತರ ಕೊಡಲಿ? ನೀವು ಹೇಳಿದ್ದು ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ. ಕ್ಯಾನ್ಸರ್ ರೋಗಿಗೆ ಅಂತ ಹುಟ್ಟಿದ ಪದ್ಧತಿ ಇದು, ಈಗ ಪಟ್ಟಿಯಲ್ಲಿ ಲಕ್ವದವರು, ಕಿಡ್ನಿಯವರು, ವಯಸ್ಸಾದವರು, ನಿಮ್ಮ ತಮ್ಮನಂಥವರು ಎಲ್ಲ ಇದ್ದಾರೆ. ಪಟ್ಟಿ ಬೆಳೆಯಿತು, ಸಿಸ್ಟರ್ ಮಾತ್ರ ಒಬ್ಬರೇ. ಎಂಡೋಸಲ್ಫಾನ್ ಪಟ್ಟಿಯ 11 ಪಂಚಾಯತುಗಳಲ್ಲಾದರೂ ವಾರಕ್ಕೊಮ್ಮೆ ಫಿಸಿಯೋಥೆರಪಿ, ಹಗಲು ನೋಡಿಕೊಳ್ಳುವ ಕೇಂದ್ರ ಬೇಕೇ ಬೇಕು. ಬಡ್ಸ್ ಅಂತ ವಿಶೇಷ ಶಾಲೆ ಮಕ್ಕಳಿಗೆ ಉಂಟು. ಹಾಸಿಗೆ ಬಿಟ್ಟು ಏಳದವರಿಗೆ ಅದರಿಂದ ಪ್ರಯೋಜನ ಇಲ್ಲ.

ಅಮ್ಮನ ಆಪರೇಶನ್ ವಿಷಯ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ನಮ್ಮ ಹಳೇ ತಂಡದ ಹುಡುಗರು ಇನ್ನೂ ಇದ್ದಾರೆ. ಸರದಿ ಮೇಲೆ ಬಂದು ಕೂರುವುದಕ್ಕೆ ಕೇಳಿ ನೋಡುತ್ತೇನೆ.

ಬಸ್ಸಿನ ಹಿಂದಿನ ಸೀಟು

ಗುಡ್ಡೆಮನೆ ಅವರೇ, ಹಗಲು ಹೊತ್ತಾದರೆ ನಾನೂ ಬರುತ್ತೇನೆ. ಅಜ್ಜನನ್ನು ನೋಡಿ ಅಭ್ಯಾಸ ಉಂಟು.

ನೀರುಮಜ್ಜಿಗೆ

ಭಾಷೆ ವಿಷಯ ಯಾರೂ ಹೇಳಲಿಲ್ಲ. ನಮ್ಮ ಅಜ್ಜಿಯ ಹತ್ತಿರ ಬಂದ ಸಿಸ್ಟರಿಗೆ ಮಲಯಾಳ ಮಾತ್ರ. ಅವರು ಏನು ಕೇಳಿದರೂ ಅಜ್ಜಿ ಹೂಂ ಹೂಂ ಅಂತ ತಲೆ ಆಡಿಸಿದರು. ಪುಸ್ತಕದಲ್ಲಿ ನೋವಿಲ್ಲ, ನಿದ್ದೆ ಚೆನ್ನಾಗಿದೆ ಅಂತ ಬರೆದುಕೊಂಡು ಹೋದರು. ಗಾಡಿ ತಿರುಗಿದ ಕೂಡಲೇ ಅಜ್ಜಿ ಕೇಳಿದ್ದು, "ಅವಳು ಎಂತ ಹೇಳಿದ್ದು ಮಗಾ?"

ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮದು ಇದೇ ಪಾಡು. ಕಚೇರಿಗೆ ಹೋದರೂ ಇದೇ, ಶಾಲೆಗೆ ಹೋದರೂ ಇದೇ, ಈಗ ಸಾಯುವಾಗಲೂ ಇದೇ. ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಅಂದ ಮಹಾಜನ ವರದಿ ಅವತ್ತೇ ಜಾರಿ ಆಗಿದ್ದರೆ...

ನಿರ್ವಾಹಕ

ಮಹಾಜನ ವರದಿಗೆ ಬೇರೆ ಚರ್ಚೆ ಉಂಟು, ಅದು ನಾಲ್ಕು ವರ್ಷದಿಂದ ನಡೀತಾ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ರೋಗಿಗೆ ಏನು ಮಾಡಬಹುದು ಅಂತ ಮಾತ್ರ.

ಮನೆಭೇಟಿ ಸಿಸ್ಟರ್

ನಾನೂ ಮಲಯಾಳ ಮಾತಾಡುವ ಪಯ್ಯನ್ನೂರಿನ ಕಡೆಯವಳು, ಇಲ್ಲಿಗೆ ಬಂದ ಹೊಸತರಲ್ಲಿ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಈಗ ಬರೆಯುತ್ತಿರುವುದನ್ನು ನೋಡಿ, ತಪ್ಪಿದ್ದರೆ ತಿದ್ದಿ. ಕಲಿಸಿದ್ದು ರೋಗಿಗಳೇ. ಆದರೆ ಎಲ್ಲರೂ ಕಲಿಯುವುದಿಲ್ಲ, ಕೆಲವರು ಕಲಿಯುವಷ್ಟರಲ್ಲಿ ಕರಾರು ಮುಗಿದು ಹೋಗಿರುತ್ತಾರೆ.

ಸದ್ಯಕ್ಕೆ ಮಾಡಬಹುದಾದದ್ದು, ಭೇಟಿಯ ದಿನ ಎರಡೂ ಭಾಷೆ ಬರುವವರು ಒಬ್ಬರು ಮನೆಯಲ್ಲಿ ಇರಲಿ. ಆಶಾ ಊರಿನವರೇ ಆಗಿರುತ್ತಾರೆ, ಅವರೂ ಆದೀತು. ನೋವಿಗೆ ಮಾತು ಬೇಡ. ಹಾಳೆಯಲ್ಲಿ ಸೊನ್ನೆಯಿಂದ ಹತ್ತರವರೆಗೆ ಗೆರೆ ಹಾಕಿ, ಎಷ್ಟು ಅಂತ ಬೆರಳು ಇಡಲು ಹೇಳಿ. ದಿನಾ ಬೆಳಿಗ್ಗೆ, ರಾತ್ರಿ ಬರೆದಿಡಿ. ನಾವು ಬಂದಾಗ ಹಾಳೆ ತೋರಿಸಿ. ಹೂಂ ಅಂದದ್ದನ್ನು ಪುಸ್ತಕಕ್ಕೆ ಏರಿಸುವ ಸಿಸ್ಟರಿಗೆ ಆ ಹಾಳೆಯ ಎದುರು ನೋವಿಲ್ಲ ಅಂತ ಬರೆಯುವುದಕ್ಕೆ ಕೈ ಬರುವುದಿಲ್ಲ.

ಮಾಷ್ಟ್ರು (ನಿವೃತ್ತ)

ನೀರುಮಜ್ಜಿಗೆ ಅವರಿಗೆ ಒಂದು ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ನಾವು ಮಂಜೇಶ್ವರ, ಕಾಸರಗೋಡು ತಾಲೂಕಿನವರು ಇದನ್ನು ಬಳಸುವುದೇ ಕಡಿಮೆ. ಕನ್ನಡ ಬರುವ ಪಾಲಿಯೇಟಿವ್ ನರ್ಸ್ ಬೇಕು ಅಂತ ಗ್ರಾಮಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ. ಪಾಲಿಯೇಟಿವ್ ಯೋಜನೆಗೆ ದುಡ್ಡು ಇಡುವುದು ಪಂಚಾಯತ್, ಅಲ್ಲಿ ಕೇಳಿದರೆ ಕೆಲಸ ಆಗುತ್ತದೆ.

ಹಲಸಿನ ಹಪ್ಪಳ

ಗ್ರಾಮಸಭೆಗೆ ಹೋಗುವುದೇ ಆಡು ಕೊಡುತ್ತಾರೆ ಅಂತ ಆದರೆ ಮಾತ್ರ ಅಲ್ವಾ ನಾವು.

ಬೆಂಗಳೂರಲ್ಲಿರುವವ

ಸುಮ್ನೆ ಒಂದು ಪ್ರಶ್ನೆ, ಜಗಳಕ್ಕೆ ಅಲ್ಲ. ಇಷ್ಟೆಲ್ಲ ಕಷ್ಟ ಇರುವಾಗ ಕಾಸರಗೋಡಿನವರು ಮೊದಲಿನ ಹಾಗೆ ಎಲ್ಲದಕ್ಕೂ ಮಂಗಳೂರನ್ನೇ ನಂಬಿದರೆ ಆಗದಾ? ಅಲ್ಲಿ ದೊಡ್ಡ ದೊಡ್ಡ ಆಸ್ಪತ್ರೆ ಉಂಟಲ್ಲ.

ಕೆಂಪು ಬಾಗಿಲು

2020ರಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸನ್ನೂ ಬಿಡಲಿಲ್ಲ, ನೆನಪುಂಟಾ? ವಾಪಸ್ ಬರುವ ದಾರಿಯಲ್ಲೇ ಹೋದವರು ಇದ್ದಾರೆ. ಗಡಿಯ ಆಚೆಯ ಆಸ್ಪತ್ರೆ ಆಪರೇಶನ್ನಿಗೆ ಸರಿ. ರಾತ್ರಿ ಎರಡು ಗಂಟೆಯ ನೋವಿಗೆ ಮದ್ದು ನಮ್ಮ ಪಂಚಾಯತಿನಲ್ಲೇ ಬೇಕು. ಮಂಗಳೂರಿನ ಐಸಿಯು ನಾನು ನೋಡಿ ಆಗಿದೆ.

ತೋಟದಮನೆ

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಆಶಾಗೆ ಹೇಳಿದ್ದಕ್ಕೆ ಆ ವಾರದಲ್ಲೇ ಸಿಸ್ಟರ್ ಬಂದರು, ಪುಣ್ಯಕ್ಕೆ ತುಳು ಬರುವವರು. ಇಲ್ಲಿ ಹೇಳಿಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಮೊದಲು ಸ್ವಲ್ಪ ಗಲಿಬಿಲಿ ಆದರು, ಇಷ್ಟೆಲ್ಲ ಯಾರು ಹೇಳಿದ್ದು ಅಂತ ಕೇಳಿದರು, ಆಮೇಲೆ ಕೂತು ಉತ್ತರ ಕೊಟ್ಟರು. ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಣ್ಣ ಊರಿಗೆ ಬಂದವನು ರಿಪೋರ್ಟ್ ಎಲ್ಲ ಹಿಡ್ಕೊಂಡು ಹೋದ, ಡಾಕ್ಟರ್ ಮಾರ್ಫಿನ್ ಶುರು ಮಾಡಿದರು. ರಾತ್ರಿಯ ಚೀಟಿಯೂ ಬರೆದುಕೊಟ್ಟಿದ್ದಾರೆ, ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇವೆ.

ನೋವಿನ ಹಾಳೆಯಲ್ಲಿ ಎಂಟು, ಒಂಬತ್ತು ಅಂತ ಇದ್ದದ್ದು ಈಗ ಮೂರು, ನಾಲ್ಕು. ನಿನ್ನೆ ಗಂಜಿ ಸಾಕು ಅನ್ನದೆ, ಉಪ್ಪಿನಕಾಯಿ ಯಾಕೆ ಹಾಕಲಿಲ್ಲ ಅಂತ ಗದರಿದರು. ದೊಡ್ಡಪ್ಪ ಈಗ ಗಡಿಯಾರದ ಎದುರೇ ಕೂತಿರುತ್ತಾರೆ, ಐದು ನಿಮಿಷ ತಡ ಆದರೆ ನಮ್ಮನ್ನು ಬೈಯುತ್ತಾರೆ.

ಸೊಂಟದ ಹತ್ತಿರ ಒಂದು ಹುಣ್ಣು ಆಗಿದೆ, ಸ್ವಲ್ಪ ವಾಸನೆ. ಸಿಸ್ಟರ್ ಮುಂದಿನ ವಾರ ಬರುತ್ತಾರೆ. ಅಲ್ಲಿವರೆಗೆ ಎಂತ ಮಾಡಬಹುದು? ಇನ್ನೊಂದು, ಕೇಳುವುದಕ್ಕೆ ಒಂಥರಾ ಆಗುತ್ತದೆ, ಮನೆಯಲ್ಲೇ ತೀರಿಹೋದರೆ ಪೊಲೀಸ್, ಪೋಸ್ಟ್‌ಮಾರ್ಟಂ ಅಂತ ಏನಾದರೂ ಉಂಟಾ?

ಮನೆಭೇಟಿ ಸಿಸ್ಟರ್

ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕುದಿಸಿ, ಆರಿದ ಮೇಲೆ ಅದರಿಂದ ತೊಳೆಯಿರಿ. ಸ್ಪಿರಿಟ್, ಡೆಟ್ಟಾಲ್ ಹಾಕಬೇಡಿ. ಅರಸಿನ ಪುಡಿ ತುಂಬಿಸುವವರೂ ಇದ್ದಾರೆ, ಅದೂ ಬೇಡ. ಹಳೇ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಅದೇ ನೀರು ಹಾಕಿ ನೆನೆದ ಮೇಲೆ ತೆಗೆಯಿರಿ. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸುವುದುಂಟು, ಸಿಸ್ಟರಿಗೆ ಫೋನ್ ಮಾಡಿ ಕೇಳಿ ಮಾಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬದಲಿಸುವ ಅರ್ಧ ಗಂಟೆ ಮುಂಚೆ ಮಾತ್ರೆಯ ಹೊತ್ತು ಬರುವ ಹಾಗೆ ನೋಡಿಕೊಂಡರೆ ಅವರಿಗೆ ಅಷ್ಟು ನೋಯುವುದಿಲ್ಲ.

ಎರಡನೆಯದಕ್ಕೆ ಹೆದರಬೇಡಿ. ಕಾಯಿಲೆ ಇದ್ದದ್ದು ಎಲ್ಲ ಕಾಗದದಲ್ಲಿ ಉಂಟು. ನೋಡುತ್ತಿದ್ದ ಡಾಕ್ಟರಿಗೆ, ಆಶಾಗೆ ತಿಳಿಸಿ. 21 ದಿನದ ಒಳಗೆ ಪಂಚಾಯತಿನಲ್ಲಿ ಮರಣ ನೋಂದಣಿ ಮಾಡಿದರೆ ಸಾಕು. ಉಳಿದ ಮಾರ್ಫಿನ್ ಮಾತ್ರೆ ಮಾತ್ರ ಬಿಸಾಡಬೇಡಿ, ಯಾರಿಗೂ ಕೊಡಬೇಡಿ, ಕೊಟ್ಟ ಆಸ್ಪತ್ರೆಗೇ ಲೆಕ್ಕ ಮಾಡಿ ವಾಪಸ್ ಕೊಡಿ.

ಕೆಂಪು ಬಾಗಿಲು

ತೋಟದಮನೆ, ಓದಿ ಖುಷಿಯಾಯಿತು. ಸ್ವಲ್ಪ ಹೊಟ್ಟೆ ಉರಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾಷ್ಟ್ರೆ, ನಮ್ಮ ಪಂಚಾಯತಿಗೆ ನಾನು ಈಗ ದೂರು ಕೊಡಬಹುದಾ? ಅಪ್ಪ ಹೋಗಿ ತುಂಬ ಸಮಯ ಆಯಿತು. ದುಡ್ಡು, ಕ್ಷಮೆ ಏನೂ ಬೇಡ. ಕ್ಯಾನ್ಸರ್ ರೋಗಿಯ ಮನೆಗೆ ಮೊದಲ ಭೇಟಿಯಲ್ಲೇ ಮೇಲಿನ ಆಸ್ಪತ್ರೆಯ ಚೀಟಿ, ರಾತ್ರಿಗೆ ಮಾಡಬೇಕಾದ ಫೋನ್ ನಂಬರ್, ಈ ಎರಡನ್ನು ಕನ್ನಡದಲ್ಲಿ ಬರೆದು ಕೊಡಬೇಕು ಅಂತ ಕೇಳಬೇಕು.

ಮಾಷ್ಟ್ರು (ನಿವೃತ್ತ)

ಧಾರಾಳ ಕೊಡಬಹುದು. ಆರೋಗ್ಯ ಕೇಂದ್ರದ ಮೆಡಿಕಲ್ ಆಫೀಸರಿಗೆ ಒಂದು, ಪಂಚಾಯತ್ ಸೆಕ್ರೆಟರಿಗೆ ಒಂದು. ದೂರು ಅಂತ ಬೇಡ, ಮನವಿ ಅಂತ ಬರೆಯಿರಿ, ಬೇಗ ಓದುತ್ತಾರೆ. ಆ ಸಿಸ್ಟರ್ ಹೆಸರು ಹಾಕುವುದು ಬೇಡ, ಅವಳ ಕೆಲಸ ಹೋದರೆ ನಿಮಗೆ ಬೇಕಾದ ಫೋನ್ ನಂಬರ್ ಬರುವುದಿಲ್ಲ.

ಕೆಂಪು ಬಾಗಿಲು

ಬರೆದು ಕಳಿಸುತ್ತೇನೆ, ಒಮ್ಮೆ ನೋಡಿ ತಿದ್ದಿಕೊಡಿ.

ಮಾಷ್ಟ್ರು (ನಿವೃತ್ತ)

ಕಳಿಸಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.